ಇಳಿಯದ ಮುಳ್ಳು

"ಕೈ ತೆಗೀರಿ ಅಲ್ಲಿಂದ!"

ದೆಲ್ಫಿನಾ ಆರ್ಮಿಹೋ ಕೂಗಿದ ರಭಸಕ್ಕೆ ವಾರೆನ್ ಟಿಲ್ಡನ್‌ನ ಕೈ ಗಾಳಿಯಲ್ಲೇ ನಿಂತಿತು. ಬಿಸಿ ಹೆಚ್ಚಿಸುವ ಗುಂಡಿಗೂ ಅವನ ಬೆರಳಿಗೂ ಒಂದು ಗೇಣು ಅಂತರವಿತ್ತು.

"ಇದು ನನ್ನ ಲ್ಯಾಬು, ಮಿಸ್ ಆರ್ಮಿಹೋ."

"ಇವತ್ತು ಸಾಯಂಕಾಲದ ತನಕ ಅಲ್ಲ. ಶೆರಿಫ್ ಕೊಟ್ಟ ಅಪ್ಪಣೆ ಬಾಗಿಲಿಗೇ ಅಂಟಿಸಿದೀನಿ. ಕನ್ನಡಕ ಹಾಕ್ಕೊಂಡು ಓದ್ಕೊಳಿ. ಗುಂಡಿ ಮುಟ್ಟೋದು ಕ್ಲಿಯೋ ಒಬ್ಬಳೇ. ನೀವಲ್ಲ, ನಾನೂ ಅಲ್ಲ."

ಟಿಲ್ಡನ್ ಕೈ ಹಿಂದಕ್ಕೆಳೆದುಕೊಂಡ. ಇಂಥ ಮಾತು ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಕತ್ತಿನಿಂದ ಕಿವಿಯ ತನಕ ಕೆಂಪೇರಿತು.

ಮಾಪಕದ ಮುಂದಿನ ಸ್ಟೂಲಿನ ಮೇಲೆ ಇಂಜಿನಿಯರ್ ಕ್ಲಿಯೋ ಬೆನವಿಡೆಸ್ ಕೂತಿದ್ದಳು. ನಲವತ್ತರ ಆಸುಪಾಸಿನ, ಸದಾ ಇಸ್ತ್ರಿ ಮಾಡಿದ ಹಾಗಿರುವ ಹೆಂಗಸು. ಇಬ್ಬರ ಜಗಳ ತನಗೆ ಸಂಬಂಧವೇ ಇಲ್ಲವೆಂಬಂತೆ ಮುಳ್ಳನ್ನೇ ನೋಡುತ್ತಿದ್ದಳು.

ಅವಳ ಪಕ್ಕದಲ್ಲಿದ್ದ ಉಕ್ಕಿನ ಪೀಪಾಯಿಯೊಳಗೆ ಗಾಳಿ ಇರಲಿಲ್ಲ. ಇದ್ದದ್ದು ಒಂದು ಪುಟ್ಟ ತಗಡಿನ ತಟ್ಟೆ, ತಟ್ಟೆಯಲ್ಲಿ ಹೆಬ್ಬೆರಳಿನಷ್ಟು ಸಿಲಿಕೋನ್ ಅಂಟು. ಸತ್ತುಹೋದ ಎಲಾಯ್ ಲುಸೆರೊನ ಊಟದ ಡಬ್ಬಿಯ ಅಡಿಯಲ್ಲಿ ಕಳೆದ ವಾರ ದೆಲ್ಫಿನಾಗೆ ಸಿಕ್ಕಿದ್ದ ತಟ್ಟೆ ಅದು. ಲ್ಯಾಬಿನ ಕಪಾಟಿನಲ್ಲಿ ಇರಬೇಕಾಗಿದ್ದದ್ದು ಅವನ ಡಬ್ಬಿಗೆ ಹೇಗೆ ಬಂತು ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ದೆಲ್ಫಿನಾ ಈಗ ಖಾಸಗಿಯಾಗಿ ಪತ್ತೇದಾರಿ ಮಾಡುವವಳು. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳು, ಸಿಟ್ಟನ್ನು ಜೇಬಿನಲ್ಲಿಟ್ಟುಕೊಂಡು ಮಾತಾಡಲು ಕಲಿತವಳು. ಆದರೆ ಬೆಳಿಗ್ಗೆ ಎಲಾಯ್‌ನ ಊರಾದ ಎಲ್ ಪಿನ್ಯೋನ್‌ನ ಸ್ಮಶಾನದ ಬೇಲಿಯ ಹತ್ತಿರ ಕಂಡದ್ದನ್ನು ಯಾವ ಜೇಬಿಗೂ ತುರುಕಲು ಆಗಿರಲಿಲ್ಲ.

ಆ ಊರಿನಲ್ಲಿ ಯಾರೇ ಸತ್ತರೂ ನೆರೆಹೊರೆಯ ಗಂಡಸರು ಸಲಿಕೆ ಹಿಡಿದು ಬಂದು ಗುಂಡಿ ತೋಡುತ್ತಾರೆ. ಕರೆಯುವ ಪದ್ಧತಿಯಿಲ್ಲ, ತಾವಾಗಿಯೇ ಬರುತ್ತಾರೆ. ಕುಡುಕ ಸತ್ತಾಗ ಬಂದಿದ್ದರು, ಕಳ್ಳ ಸತ್ತಾಗಲೂ ಬಂದಿದ್ದರು. ಎಲಾಯ್‌ಗೆ ಮಾತ್ರ ಒಬ್ಬನೂ ಬರಲಿಲ್ಲ. ಸ್ಮಶಾನ ನೋಡಿಕೊಳ್ಳುವ ಮುದುಕ ಬೇಲಿಗೆ ಬೀಗ ಜಡಿದು, "ನಮ್ಮನ್ನ ಸುಟ್ಟವನಿಗೆ ನಮ್ಮ ಮಣ್ಣಲ್ಲಿ ಜಾಗ ಇಲ್ಲ" ಎಂದಿದ್ದ.

ಎಲಾಯ್ ಬೆಂಕಿ ಹಚ್ಚಿದವನಲ್ಲ. ಬೇಸಿಗೆಯಲ್ಲಿ ಬೆಟ್ಟದ ಕಾಡಿಗೆ ಬಿದ್ದ ಕಿಚ್ಚನ್ನು ಮೊದಲೇ ಕಂಡು ಎಚ್ಚರಿಸಬೇಕಾಗಿದ್ದ ಉಪಗ್ರಹದ ಕ್ಯಾಮೆರಾ ಕುರುಡಾಗಿತ್ತು. ಅದರ ಗಾಜಿನ ಮೇಲೆ ಒಳಗಿನದೇ ಅಂಟಿನ ಆವಿ ಹೋಗಿ ಕೂತಿತ್ತು. ಅರ್ಧ ಊರು ಬೂದಿಯಾಯಿತು. ಹಾರಿಸುವ ಮೊದಲು ಆ ಕ್ಯಾಮೆರಾದ ಭಾಗಗಳನ್ನೂ ಅದೇ ಅಂಟಿನ ಮಾದರಿಯಾದ ಈ ತಟ್ಟೆಯನ್ನೂ ಬಿಸಿಯಲ್ಲಿ ಬೇಯಿಸಿದವನು ಎಲಾಯ್. ಆಮೇಲೆ ಅವನು ಈ ಲ್ಯಾಬಿನಲ್ಲೇ, ನೈಟ್ರೋಜನ್ ತುಂಬಿದ ದೊಡ್ಡ ಪೀಪಾಯಿಯೊಳಗೆ ಸತ್ತು ಬಿದ್ದಿದ್ದ. ತಪ್ಪು ಮಾಡಿದವನು ನಾಚಿಕೆಯಿಂದ ಪ್ರಾಣ ಕಳೆದುಕೊಂಡ ಎಂದು ಶೆರಿಫ್ ಕಡತ ಮುಚ್ಚಿದ್ದರು. ಟಿಲ್ಡನ್ ಅದಕ್ಕೆ ತಲೆಯಾಡಿಸಿದ್ದ. ತಟ್ಟೆ ಕಂಡ ಮೇಲೆ ಮಾತ್ರ ಶೆರಿಫ್ ಈ ಎರಡು ದಿನದ ಪರೀಕ್ಷೆಗೆ ಒಪ್ಪಿದ್ದರು.

ಹೆಣ ಇನ್ನೂ ಪಟ್ಟಣದ ಶೈತ್ಯಾಗಾರದಲ್ಲಿತ್ತು. ಎಲಾಯ್‌ನ ತಂಗಿ ಬರ್ನದೆತ್ ದೆಲ್ಫಿನಾಳನ್ನು ಹುಡುಕಿಕೊಂಡು ಬಂದಿದ್ದು ಅದಕ್ಕೇ. ಅಣ್ಣನಿಗೆ ಊರಿನ ಮಣ್ಣು ಬೇಕು, ಅಷ್ಟೇ.

"ಎಷ್ಟಿದೆ?" ದೆಲ್ಫಿನಾ ಕೇಳಿದಳು.

"ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ," ಎಂದಳು ಕ್ಲಿಯೋ.

"ಇಳಿದಿಲ್ವಾ?"

"ಇಲ್ಲ."

ದೆಲ್ಫಿನಾಗೆ ಕಸಿವಿಸಿಯಾಯಿತು. ಇದು ಅವಳ ಲೆಕ್ಕಕ್ಕೆ ಹೊಂದುವ ಉತ್ತರವಾಗಿರಲಿಲ್ಲ.

ಈ ಕೆಲಸದ ಒಳಗುಟ್ಟು ಅವಳಿಗೆ ಈಗ ಬಾಯಿಪಾಠವಾಗಿತ್ತು. ಗಾಳಿಯನ್ನೆಲ್ಲ ಎಳೆದುಹಾಕಿದ ಜಾಗದಲ್ಲಿ ಯಾವ ವಸ್ತುವನ್ನಿಟ್ಟರೂ ಅದು ತನ್ನೊಳಗೆ ಅಡಗಿಸಿಕೊಂಡ ತೇವ, ಎಣ್ಣೆ, ಆವಿ ಎಲ್ಲವನ್ನೂ ಹೊರಗೆ ಬಿಡಲು ಶುರುಮಾಡುತ್ತದೆ. ಮೊದಲು ಜೋರಾಗಿ ಬಿಡುತ್ತದೆ. ಹೊತ್ತು ಕಳೆದಂತೆ ಕಡಿಮೆಯಾಗುತ್ತದೆ. ಬಿಸಿ ಮಾಡಿದರೆ ಬೇಗ ಬಿಟ್ಟು ಬೇಗ ಸುಮ್ಮನಾಗುತ್ತದೆ. ಆಕಾಶದಲ್ಲಿ ಬಿಡಬೇಕಾದದ್ದನ್ನೆಲ್ಲ ನೆಲದ ಮೇಲೇ ಬಿಡಿಸಿ ಕಳಿಸುವುದಕ್ಕೆ ಇವರು 'ಬೇಯಿಸುವುದು' ಎನ್ನುತ್ತಾರೆ. ಎಷ್ಟು ಆವಿ ಬರುತ್ತಿದೆ ಎಂಬುದನ್ನು ಮಾಪಕದ ಮುಳ್ಳು ತೋರಿಸುತ್ತದೆ.

ನಿನ್ನೆ ಹೊಸದಾಗಿ ನಾದಿದ ಅಂಟನ್ನಿಟ್ಟು ನೋಡಿದ್ದರು. ಎಂಬತ್ತು ಡಿಗ್ರಿಗೆ ಮುಳ್ಳು ಏರಿತ್ತು, ಮಧ್ಯಾಹ್ನಕ್ಕೆ ಅರ್ಧ ಇಳಿದಿತ್ತು, ಬೆಳಗಾಗುವಷ್ಟರಲ್ಲಿ ನೆಲ ಕಚ್ಚಿತ್ತು. ಇವತ್ತು ಎಲಾಯ್‌ನ ತಟ್ಟೆ. ಅದೇ ಎಂಬತ್ತು ಡಿಗ್ರಿ. ಮುಳ್ಳು ಏರಿದ್ದು ಏರಿದ ಹಾಗೇ ಇತ್ತು.

"ನೋಡಿದ್ರಾ?" ಟಿಲ್ಡನ್ ತುಟಿ ಕೊಂಕಿಸಿದ. "ನಾನು ಹೇಳಿದ್ದೇ ಆಯ್ತಲ್ಲ. ನಾಲ್ಕು ದಿನ ಬೇಯಿಸಬೇಕಾಗಿದ್ದನ್ನ ಅರ್ಧಕ್ಕೆ ಆರಿಸಿ ಮನೆಗೆ ಹೋಗಿದಾನೆ ನಿಮ್ಮ ಎಲಾಯ್. ಹಸಿ ಹಸೀನೇ ಆಕಾಶಕ್ಕೆ ಹೋಗಿದೆ."

"ನನ್ನ ಎಲಾಯ್ ಆರಿಸಲಿಲ್ಲ. ನೀವೇ ಬಿಸಿ ಏರಿಸಿದ್ರಿ!" ದೆಲ್ಫಿನಾ ಮೇಜು ಗುದ್ದಿದಳು. "ಹತ್ತು ಡಿಗ್ರಿ ಜಾಸ್ತಿ ಮಾಡಿದ್ರೆ ಅರ್ಧ ಹೊತ್ತು ಉಳಿಯುತ್ತೆ ಅಂತ ಇಲ್ಲಿರೋರಿಗೆಲ್ಲ ಹೇಳ್ಕೊಟ್ಟಿರೋರು ನೀವೇ ಅಲ್ವಾ? ರಾಕೆಟ್ ಹೊರಡೋ ದಿನ ಹತ್ರ ಬಂದಿತ್ತು. ನಾಲ್ಕು ದಿನದ ಅಡುಗೇನ ಒಂದು ದಿನಕ್ಕೆ ಮುಗಿಸೋಕೆ ಹೋಗಿ ಅಂಟನ್ನ ಸುಟ್ರಿ. ಆಮೇಲೆ ಸತ್ತವನ ತಲೆಗೆ ಕಟ್ಟಿದ್ರಿ. ಸತ್ತವನು ಎದ್ದು ಬಂದು ಮಾತಾಡಲ್ಲ ಅನ್ನೋ ಧೈರ್ಯ ನಿಮಗೆ!"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ!"

"ಬಾಯಿಗೆ ಬಂದಿದ್ದನ್ನ ಇನ್ನೂ ಆಡೇ ಇಲ್ಲ ಕಣ್ರೀ ನಾನು."

ಕ್ಲಿಯೋ ತಲೆಯೆತ್ತಿದಳು. "ಜಗಳ ಆಡೋದಾದ್ರೆ ಹೊರಗೆ ಹೋಗಿ ಆಡಿ. ಬಿಸಿ ಏರಿಸಿ ನೋಡಿದ್ರೆ ಗೊತ್ತಾಗುತ್ತೆ. ಏರಿಸ್ಲಾ?"

"ಏರಿಸು," ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ತೊಂಬತ್ತಕ್ಕೆ ಮುಳ್ಳು ಚಂಗನೆ ಏರಿತು. ಏರಲಿ, ಏರಲೇಬೇಕು. ಆಮೇಲೆ ಇಳಿಯಬೇಕು. ಮೂವರೂ ಕಾದರು. ಟಿಲ್ಡನ್ ಕಾಫಿ ತರಿಸಿಕೊಂಡ, ದೆಲ್ಫಿನಾಗೆ ಬೇಕಾ ಎಂದು ಕೇಳಲಿಲ್ಲ. ಕೇಳಿದ್ದರೂ ಅವಳು ಕುಡಿಯುತ್ತಿರಲಿಲ್ಲ. ಮುಳ್ಳು ಇಳಿಯಲಿಲ್ಲ.

ನೂರಕ್ಕೆ ಏರಿಸಿದರು. ಮತ್ತೆ ಚಂಗನೆ ಏರಿತು, ಏರಿದಲ್ಲೇ ಕೂತಿತು.

ಊಟದ ಹೊತ್ತು ಮೀರಿತು. ಯಾರಿಗೂ ಊಟದ ನೆನಪಾಗಲಿಲ್ಲ. ಮುಳ್ಳು ಮೊಂಡು ಬಿದ್ದ ಕತ್ತೆಯ ಹಾಗೆ ನಿಂತಿತ್ತು.

ದೆಲ್ಫಿನಾ ಮೊದಲ ಸಲ ಟಿಲ್ಡನ್‌ನ ಮುಖವನ್ನು ಸರಿಯಾಗಿ ನೋಡಿದಳು. ತಪ್ಪಿತಸ್ಥ ಹೆದರುವ ಹಾಗೆ ಅವನು ಹೆದರುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ಅವಳಷ್ಟೇ ಗಲಿಬಿಲಿಯಿಂದ ಮಾಪಕ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಅವನ ಮುಖ ಅರಳಿತು. ಅವಳಿಗೆ ಮೈ ಉರಿದುಹೋಯಿತು.

"ಅರ್ಥ ಆಯ್ತಾ ಮಿಸ್ ಆರ್ಮಿಹೋ? ಹೊತ್ತು ಕೊಟ್ರೂ ಇಳೀತಿಲ್ಲ, ಬಿಸಿ ಕೊಟ್ರೂ ಇಳೀತಿಲ್ಲ. ಅರ್ಧಕ್ಕೆ ಆರಿಸಿದ ಅಂಟಾದ್ರೆ ಈಗ ಪೂರ್ತಿ ಬಿಟ್ಟು ಸುಮ್ಮನಾಗಬೇಕಿತ್ತು. ಇದನ್ನ ಒಂದು ತಿಂಗಳು ಬೇಯಿಸಿದ್ರೂ ಹೀಗೇ ಇರುತ್ತೆ. ಇದು ಬೇಯಿಸಿದವರ ತಪ್ಪಲ್ಲ. ಎಲಾಯ್‌ದೂ ಅಲ್ಲ, ನನ್ನದೂ ಅಲ್ಲ. ನಾದಿದವರ ತಪ್ಪು."

"ಅಂದ್ರೆ?"

"ತೆಗಿ ಕ್ಲಿಯೋ, ಸಾಕ್ಷೀನ ಹೊರಗೆ ತೆಗಿ."

ಸಾಕ್ಷಿ ಎಂದರೆ ಇಲ್ಲಿ ಗಾಜಿನ ಬಿಲ್ಲೆ. ಬೇಯುವ ವಸ್ತುವಿನ ಎದುರಿಗೆ ತಣ್ಣಗಿಟ್ಟಿರುತ್ತಾರೆ, ಬಿಟ್ಟ ಆವಿ ಬಂದು ಅದರ ಮೇಲೆ ಕೂರುತ್ತದೆ. ಮೊದಲ ದಿನ ಇವರು 'ಸಾಕ್ಷಿ ಏನು ಹೇಳ್ತು' ಎಂದು ಮಾತಾಡಿಕೊಳ್ಳುವುದನ್ನು ಕೇಳಿ ದೆಲ್ಫಿನಾ ಯಾರೋ ಮನುಷ್ಯನೆಂದುಕೊಂಡು ಹೆಸರು, ವಿಳಾಸ ಕೇಳಿದ್ದಳು. ಇಡೀ ಲ್ಯಾಬು ನಕ್ಕಿತ್ತು.

ಈಗ ಯಾರೂ ನಗಲಿಲ್ಲ. ಪೀಪಾಯಿ ತಣಿದ ಮೇಲೆ ಕ್ಲಿಯೋ ಗಾಳಿ ತುಂಬಿಸಿ, ಬಾಗಿಲು ತೆರೆದು, ಇಕ್ಕಳದಲ್ಲಿ ಬಿಲ್ಲೆ ಹಿಡಿದು ಬೆಳಕಿಗೆ ಚಾಚಿದಳು. ನಿನ್ನೆಯ ಬಿಲ್ಲೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಇದು ಎಣ್ಣೆ ಮೆತ್ತಿದ ಕಿಟಕಿಯ ಹಾಗೆ ಮಸುಕಾಗಿತ್ತು. ಉಪಗ್ರಹದ ಕ್ಯಾಮೆರಾ ಕುರುಡಾದದ್ದು ಹೀಗೆಯೇ.

ಟಿಲ್ಡನ್ ತಟ್ಟೆಯನ್ನು ಎಳೆದುಕೊಂಡು ಅಂಟಿಗೆ ಉಗುರೊತ್ತಿದ. ಅರ್ಧಚಂದ್ರದ ಗುರುತು ಬಿತ್ತು.

"ಕಲ್ಲಿನ ಹಾಗಿರಬೇಕಿತ್ತು ಇದು! ಬಿಳಿ ಮುದ್ದೆ, ನೀಲಿ ಮುದ್ದೆ ಸೇರಿಸಿ ಕೈಯಲ್ಲೇ ನಾದೋ ಅಂಟು. ನಾದುವಾಗ ಏನೋ ಕುಲಗೆಡಿಸಿದಾರೆ, ಒಳಗೆ ಗಟ್ಟಿನೇ ಆಗಿಲ್ಲ. ಗಟ್ಟಿಯಾಗದ ಅಂಟು ಜೀವ ಇರೋ ತನಕ ಆವಿ ಬಿಡ್ತಾನೇ ಇರುತ್ತೆ." ಅವನು ದೆಲ್ಫಿನಾಳ ಕಡೆ ತಿರುಗಿದ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಇದನ್ನ ನಾದಿದವರು ಯಾರು ಅಂತ ಕೇಳಲ್ವಾ? ಜೋಡಣೆ ವಿಭಾಗದಲ್ಲಿ ನಾದೋ ಕೈ ಇರೋದು ಒಂದೇ. ಹೊರಗೆ ಬೆಂಚಿನ ಮೇಲೆ ಕೂತಿದಾಳಲ್ಲ, ನಿಮ್ಮನ್ನ ಕರೆಸಿದವಳು."

ದೆಲ್ಫಿನಾಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬರ್ನದೆತ್ ಇಲ್ಲಿ ಕೆಲಸ ಮಾಡುತ್ತಾಳೆಂದು ಅವಳಿಗೆ ಗೊತ್ತಿತ್ತು. ಏನು ಕೆಲಸ ಎಂದು ವಿವರವಾಗಿ ಕೇಳಿರಲಿಲ್ಲ. ಟಿಲ್ಡನ್‌ನ ಮೇಲಿನ ಸಿಟ್ಟಿನಲ್ಲಿ ಬೇರೆ ಕಡೆ ಕಣ್ಣು ಹಾಯಿಸಿರಲೇ ಇಲ್ಲ. ಈಗ ಅವಳಿಗೆ ಅವನ ಮೇಲಿಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಆದರೂ ಹಳೆಯ ಪೊಲೀಸ್ ಬುದ್ಧಿ ಸುಮ್ಮನಿರಲಿಲ್ಲ.

"ಒಂದು ನಿಮಿಷ. ಉಗುರೊತ್ತಿ ನೋಡೋದು ನಿಮ್ಮಲ್ಲಿ ರೂಢಿನಾ?"

"ಪ್ರತಿ ಸಲಾನೂ. ಉಗುರು ಗುರುತು ಬೀಳದೆ ಇದ್ರೇ ಮುಂದಕ್ಕೆ ಬಿಡೋದು."

"ಹಾಗಾದ್ರೆ ಇದನ್ನ ಒತ್ತಿ ನೋಡಿ ಸರಿಯಿದೆ ಅಂದವರು ಯಾರು?"

ಟಿಲ್ಡನ್‌ನ ಕಣ್ಣು ಕ್ಲಿಯೋಳ ಕಡೆ ಹೋಯಿತು.

"ನಾನು," ಎಂದಳು ಕ್ಲಿಯೋ. ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟಳು. "ಆಗ ಗಟ್ಟಿಯಿತ್ತು."

"ಗಟ್ಟಿಯಾದ ಅಂಟು ಮತ್ತೆ ಮೆತ್ತಗಾಗುತ್ತಾ?"

ಕ್ಲಿಯೋ ಮಾಪಕದ ಕಡೆ ತಿರುಗಿದಳು.

"ಕೇಳ್ತಾ ಇದೀನಿ, ಇಂಜಿನಿಯರಮ್ಮ! ಆಗುತ್ತಾ, ಇಲ್ವಾ?"

"ಆಗಲ್ಲ," ಎಂದ ಟಿಲ್ಡನ್. ಜೇನೆಲ್ಲ ಹೋಗಿ ದನಿ ಒಣಗಿತ್ತು. "ಕ್ಲಿಯೋ, ಏನಿದು?"

ದೆಲ್ಫಿನಾ ಬಾಗಿಲು ತೆರೆದು ಕೂಗಿದಳು. "ಬರ್ನದೆತ್! ಒಳಗೆ ಬಾ."

ಬರ್ನದೆತ್ ಬಂದಳು. ಇಪ್ಪತ್ತೇಳರ ಹುಡುಗಿ, ಅಣ್ಣನ ಹಳೆಯ ಜಾಕೆಟ್ಟನ್ನೇ ಹಾಕಿಕೊಂಡಿದ್ದಳು. ಕೈಯಲ್ಲಿ ಮೂವರ ಊಟಕ್ಕೆಂದು ತಂದಿದ್ದ ಬುರ್ರಿತೋ ಪೊಟ್ಟಣಗಳಿದ್ದವು. ಮೇಜಿನ ಮೇಲಿನ ಮಸುಕು ಗಾಜು ಕಂಡದ್ದೇ ತಡ, ಪೊಟ್ಟಣ ಇಡಬೇಕೆಂಬುದನ್ನೂ ಮರೆತು ನಿಂತುಬಿಟ್ಟಳು.

"ಈ ಅಂಟು ನಾದಿದ್ದು ನೀನಾ, ಮಿಹಾ?" ಮಗಳೇ ಎನ್ನುವ ಆ ಮಾತು ದೆಲ್ಫಿನಾಳ ಬಾಯಿಂದ ಹಾಗೇ ಬಂತು. ಸಿಟ್ಟಿನಲ್ಲೂ ಬಂತು.

"ಹೌದು, ತಿಯಾ," ಎಂದಳು, ಚಿಕ್ಕಮ್ಮ ಎನ್ನುವ ಸಲಿಗೆಯಲ್ಲಿ.

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ನೀವೇ ಕಂಡುಹಿಡೀಲಿ ಅಂತ." ಹುಡುಗಿ ಟಿಲ್ಡನ್ ಕಡೆ ನೋಡಿದಳು. "ನಾನು ಹೇಳಿದ್ರೆ ಅಣ್ಣನ್ನ ಉಳಿಸೋಕೆ ಸುಳ್ಳು ಹೇಳ್ತಿದಾಳೆ ಅಂತಿದ್ರು. ಅವತ್ತು ಇಲ್ಲಿ ನಾದುವಾಗ ಹಾಕ್ಕೊಳ್ಳೋ ಹಸಿರು ಗ್ಲೌಸ್ ಮುಗಿದಿತ್ತು. ಮನೇಲಿ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಬ್ಯಾಗಲ್ಲಿತ್ತು, ಚೆನ್ನಾಗಿ ತೊಳೆದು ಹಾಕ್ಕೊಂಡೆ. ಕೆಲಸ ನಿಲ್ಲಬಾರದು ಅಂತ ಮಾಡಿದೆ ತಿಯಾ. ರಬ್ಬರಲ್ಲಿ ಗಂಧಕ ಇರುತ್ತೆ, ಅದು ತಾಗಿದ್ರೆ ಈ ಅಂಟು ಗಟ್ಟಿಯಾಗಲ್ಲ. ನಾದಿ ಮುಗಿಸಿದ ಮೇಲೆ ನೆನಪಾಯ್ತು."

"ನೆನಪಾಗಿ ಬಾಯಿ ಮುಚ್ಕೊಂಡು ಕೂತೆಯಾ?" ಟಿಲ್ಡನ್ ಗುಡುಗಿದ. "ಅರ್ಧ ಊರು ಸುಟ್ಟುಹೋಯ್ತು!"

"ಬಾಯಿ ಮುಚ್ಕೊಂಡು ಕೂತಿಲ್ಲ!" ಬರ್ನದೆತ್ ಅವನಿಗಿಂತ ಜೋರಾಗಿ ಕಿರುಚಿದಳು. ಪೊಟ್ಟಣಗಳು ನೆಲಕ್ಕೆ ಬಿದ್ದವು. "ಅವತ್ತೇ ಹೇಳಿದೆ. ಈ ಕ್ಲಿಯೋಗೆ ಹೇಳಿದೆ! ಎಲ್ಲ ಕಿತ್ತು ಹೊಸದಾಗಿ ಮಾಡೋಣ ಅಂದೆ. 'ವಾರಗಟ್ಟಲೆ ತಡ ಆಗುತ್ತೆ, ಎಲಾಯ್‌ಗೆ ಹೇಳಿ ಎರಡು ದಿನ ಜಾಸ್ತಿ ಬೇಯಿಸಿದ್ರೆ ಎಲ್ಲ ಹೋಗುತ್ತೆ, ಸುಮ್ಮನಿರು' ಅಂದಳು. ಅಣ್ಣ ಎರಡು ದಿನ ಜಾಸ್ತೀನೇ ಬೇಯಿಸಿದ. ಕಡಿಮೆ ಅಲ್ಲ! ಕ್ಯಾಮೆರಾ ಕುರುಡಾದ ಮೇಲೆ ಇವರು ಅಣ್ಣನ ಕಡೆ ಬೆರಳು ತೋರಿಸಿದಾಗ, ಇವಳ ಕಾಲು ಹಿಡಿದೆ ತಿಯಾ. ನಿಜ ಹೇಳು, ನನ್ನ ಹೆಸರೇ ಹೇಳು ಅಂದೆ. 'ನೀನು ಹೇಳಿದ್ದನ್ನ ನಾನು ಯಾವಾಗ ಕೇಳಿದೆ?' ಅಂದಳು. ನನ್ನ ಮುಖಕ್ಕೇ ಅಂದಳು!"

ದೆಲ್ಫಿನಾ ಕ್ಲಿಯೋಳ ಎದುರಿಗೆ ಹೋಗಿ ನಿಂತಳು. ಎರಡು ದಿನದಿಂದ ಈ ಹೆಂಗಸು ಪಕ್ಕದಲ್ಲಿ ಕೂತು ಮುಳ್ಳು ಓದಿ ಹೇಳಿದ್ದಳು. ಒಂದು ಸಲವೂ ತಡವರಿಸಿರಲಿಲ್ಲ. ಒಂದು ಹೆಣ ಮಣ್ಣಿಗಾಗಿ ಕಾಯುತ್ತಿದೆ ಎಂದು ಗೊತ್ತಿದ್ದೂ ಗಂಟೆಗಟ್ಟಲೆ ನಾಟಕ ನೋಡಿದ್ದಳು.

"ನಿನ್ನಂಥೋರನ್ನ ಇಪ್ಪತ್ತು ವರ್ಷದಲ್ಲಿ ಬೇಕಾದಷ್ಟು ನೋಡಿದೀನಿ," ಎಂದಳು ದೆಲ್ಫಿನಾ. "ಕೊಲೆ ಮಾಡಿದವರೂ ಎಲ್ಲೋ ಒಂದು ಕಡೆ ಬೆವರ್ತಾರೆ. ನೀನು ಬೆವರಲೂ ಇಲ್ವಲ್ಲೇ! ಎಲಾಯ್‌ಗೆ ಗೊತ್ತಾಯ್ತು. ತಟ್ಟೆ ಕಪಾಟಿಂದ ತೆಗೆದಿಟ್ಕೊಂಡ. ನಿನ್ನ ಹತ್ರ ಬಂದ. ಆಮೇಲೆ ಏನು ಮಾಡಿದೆ ಅವನನ್ನ?"

"ನಾನೇನೂ ಮಾಡಲಿಲ್ಲ."

"ಏನು ಮಾಡಿದೆ!"

ಕ್ಲಿಯೋ ಗ್ಲೌಸ್ ಕಳಚಿದಳು. ಅವನ್ನು ಮಡಚಿ ಮೇಜಿನ ಮೇಲಿಟ್ಟಳು.

"ದೊಡ್ಡ ಪೀಪಾಯಿ ಗೋಡೆ ಮೇಲೆ ಇದೇ ಎಣ್ಣೆ ಕೂತಿತ್ತು," ಎಂದಳು. "ತನಿಖೆಯವರು ಬಂದು ಒರೆಸಿ ನೋಡಿದ್ರೆ ಗೊತ್ತಾಗ್ತಿತ್ತು. ಅವರು ಬರೋಕೆ ಮುಂಚೆ ಒರೆಸಿಬಿಡೋಣ ಅಂತ ನಾನು ಒಳಗೆ ಹೋದೆ. ಮಧ್ಯಾಹ್ನ, ಎಲ್ಲ ಊಟಕ್ಕೆ ಹೋಗಿದ್ರು. ಗಾಳಿ ತುಂಬಿಸಿದ್ದೆ. ಎರಡು ಹೆಜ್ಜೆ ಇಟ್ಟಿದ್ದಷ್ಟೇ ನೆನಪು. ಮತ್ತೆ ಎಚ್ಚರ ಆದಾಗ ನಾನು ಬಾಗಿಲ ಹೊರಗೆ ನೆಲದ ಮೇಲೆ ಬಿದ್ದಿದ್ದೆ. ಎಲಾಯ್ ಒಳಗೆ ಬಿದ್ದಿದ್ದ. ಅವನ ಒಂದು ಕೈ ನನ್ನ ಕೋಟು ಹಿಡ್ಕೊಂಡೇ ಇತ್ತು."

ಕ್ಲಿಯೋ ತನ್ನ ಕೋಟಿನ ತೋಳನ್ನು ಹಿಡಿದು ತೋರಿಸಿದಳು.

"ನನ್ನನ್ನ ಎಳೆದು ಹಾಕಿ ಅವನು ಬಿದ್ದ. ಬೆರಳು ಬಿಡಿಸ್ಕೊಂಡು ಓಡಿಹೋದೆ."

"ಅವನು ನಿನ್ನ ಪ್ರಾಣ ಉಳಿಸಿದ," ಎಂದಳು ದೆಲ್ಫಿನಾ. "ಊರಿನೋರು ಅವನನ್ನ ಹೇಡಿ ಅಂದ್ರು. ಸ್ಮಶಾನಕ್ಕೆ ಬೀಗ ಹಾಕಿದ್ರು. ನೀನು ದಿನಾ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಕೆಲಸಕ್ಕೆ ಬಂದೆ. ಥೂ ನಿನ್ನ!"

"ಬೈರಿ. ನೀವು ಎಷ್ಟು ಬೈದ್ರೂ ಕಡಿಮೇನೇ." ಕ್ಲಿಯೋ ತಲೆಯೆತ್ತಿದಳು. "ಆದ್ರೆ ಒಂದು ಕೇಳ್ಕೊಳಿ. ನಾನು ತುಂಬಿಸಿದ್ದು ಗಾಳಿ. ನೈಟ್ರೋಜನ್ ಅಲ್ಲ. ನೈಟ್ರೋಜನ್ ವಾಲ್ವ್ ಇರೋದು ಗೋಡೆ ಆಚೆ, ಜೋಡಣೆ ವಿಭಾಗದ ಕಡೆ. ನಾನು ಒಳಗೆ ಕಾಲಿಡೋಕೆ ಮುಂಚೆ ಯಾರೋ ಅದನ್ನ ತೆರೆದಿದ್ರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಗೊತ್ತೇ ಆಗಲ್ಲ. ಅವತ್ತು ಸಾಯಬೇಕಾಗಿದ್ದವಳು ನಾನು."

ಟಿಲ್ಡನ್ ಕುರ್ಚಿಗೆ ಕುಸಿದ. "ದೇವರೇ," ಎಂದ. ಅವನ ಮುಖದಲ್ಲಿದ್ದದ್ದು ಬರೀ ಗಾಬರಿ.

ದೆಲ್ಫಿನಾ ಬರ್ನದೆತ್ ಕಡೆ ತಿರುಗಿದಳು. ಅಣ್ಣ ಹೇಡಿಯಲ್ಲ, ತಾನಾಗಿ ಸತ್ತವನಲ್ಲ, ಒಂದು ಜೀವ ಉಳಿಸಲು ಹೋಗಿ ಸತ್ತ. ಇನ್ನು ಯಾವ ಮುದುಕನೂ ಬೇಲಿಗೆ ಬೀಗ ಹಾಕುವಂತಿಲ್ಲ. ಅಷ್ಟನ್ನು ಹೇಳಿ ಹುಡುಗಿಯನ್ನು ಅಪ್ಪಿಕೊಳ್ಳಬೇಕೆಂದು ಅವಳು ಎರಡು ಹೆಜ್ಜೆ ಮುಂದಿಟ್ಟಳು.

ಬರ್ನದೆತ್ ಅಳುತ್ತಿರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ಅಣ್ಣನ ಜಾಕೆಟ್ಟಿನ ತೋಳುಗಳನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಅವನಿಗೆ ಅವತ್ತು ರಜೆ," ಎಂದಳು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ. "ಅವನು ಅಲ್ಲಿಗೆ ಬರಬಾರದಿತ್ತು."

ದೆಲ್ಫಿನಾಳ ಕಾಲು ಅಲ್ಲೇ ನಿಂತಿತು. ಜೋಡಣೆ ವಿಭಾಗ ಈ ಹುಡುಗಿಯದು. ಮುಂದಿನ ಪ್ರಶ್ನೆ ಅವಳಿಗೆ ಬೇಡವಾಗಿತ್ತು. ಈ ಕೆಲಸ ಹಿಡಿದ ದಿನದಿಂದ ಯಾವ ಪ್ರಶ್ನೆಯನ್ನೂ ಅವಳು ಇಷ್ಟು ದ್ವೇಷಿಸಿರಲಿಲ್ಲ.

"ಯಾಕೆ ಬರಬಾರದಿತ್ತು, ಮಿಹಾ?"